ಹುಡುಗನನ್ನು ತೂಗುವ ಮುನ್ನ: ಕಬಡ್ಡಿ ಪಂದ್ಯಾಟ ನಡೆಸುವ ಬಂಧುಗಳಿಗೆ ಬಹಿರಂಗ ಪತ್ರ

ಉಡುಪಿ, ಕಾಪು, ಕಾರ್ಕಳ, ಹೆಬ್ರಿ ಕಡೆಗಳಲ್ಲಿ ಯುವಕ ಮಂಡಲ, ಫ್ರೆಂಡ್ಸ್ ಕ್ಲಬ್, ಭಜನಾ ಮಂಡಳಿಗಳ ಹೆಸರಿನಲ್ಲಿ ವರ್ಷವೂ ಕಬಡ್ಡಿ ಪಂದ್ಯಾಟ ನಡೆಸುವ ಪದಾಧಿಕಾರಿಗಳಿಗೆ, ತಂಡದ ವ್ಯವಸ್ಥಾಪಕರಿಗೆ, ಸಂಜೆ ಮೈದಾನಕ್ಕಿಳಿದು ಹುಡುಗರನ್ನು ತಿದ್ದುವ ಹಿರಿಯ ಆಟಗಾರರಿಗೆ,

ನಾನು ಕಾರ್ಕಳ ತಾಲೂಕಿನಲ್ಲಿ ದೈಹಿಕ ಶಿಕ್ಷಕನಾಗಿದ್ದು ನಿವೃತ್ತನಾದವನು. ನಿಮ್ಮಲ್ಲಿ ಹಲವರು ನನ್ನನ್ನು ನೋಡಿರುವುದು ಅಂಕಣದ ಬದಿಯ ಮೇಜಿನಲ್ಲಿ, ವೀಕ್ಷಕ ವಿವರಣೆಯ ಮೈಕಿನ ಪಕ್ಕ, ಸ್ಕೋರ್ ಶೀಟ್ ಬರೆಯುತ್ತಾ ಕೂತಿರುವಾಗ. ಆ ಮೇಜಿನಲ್ಲಿ ಕೂತು ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಕಾಪು ಕಡೆಯ ಒಂದು ಶಾಲಾ ಮೈದಾನ, ಫೆಬ್ರವರಿಯ ಶನಿವಾರ. ಸಂಜೆ ನಾಲ್ಕಕ್ಕೆ ತೂಕ ನೋಡುವ ಹೊತ್ತು. ಪಿಯುಸಿ ಓದುವ ಹುಡುಗನೊಬ್ಬ ಯಂತ್ರದ ಮೇಲೆ ನಿಂತ: 66 ಕಿಲೋ 800 ಗ್ರಾಂ. ಪಂದ್ಯಾಟ 65 ಕೆ.ಜಿ. ವಿಭಾಗದ್ದು. ಒಂದೂವರೆ ಗಂಟೆ ಸಮಯ ಕೊಟ್ಟರು. ಎರಡು ಜಾಕೆಟ್, ಅದರ ಮೇಲೊಂದು ಮಳೆಗಾಲದ ರೈನ್‌ಕೋಟ್ ತೊಡಿಸಿ ಮೈದಾನದ ಸುತ್ತ ಓಡಿಸಿದರು. ಕುಡಿಯಲು ನೀರಿಲ್ಲ. ಬಾಯಿಗೆ ಚೂಯಿಂಗ್ ಗಮ್ ಕೊಟ್ಟು ಉಗುಳುತ್ತಾ ಇರು ಅಂದರು. ಹಿಂದಿನ ರಾತ್ರಿಯೇ ಅವನು ಊಟ ಬಿಟ್ಟಿದ್ದನಂತೆ. ಐದೂವರೆಗೆ ಯಂತ್ರ 65 ತೋರಿಸಿದಾಗ ಸುತ್ತ ಇದ್ದವರು ಚಪ್ಪಾಳೆ ಹೊಡೆದರು. ರಾತ್ರಿ ಒಂದೂವರೆಗೆ ಸೆಮಿಫೈನಲ್. ದ್ವಿತೀಯಾರ್ಧದಲ್ಲಿ ಅವನ ಎರಡೂ ಮೀನಖಂಡಗಳು ಹಿಡಿದುಕೊಂಡವು. ಮೂರು ರೈಡ್ ಹೋದ, ಮೂರರಲ್ಲೂ ಸಿಕ್ಕಿಬಿದ್ದ. ಹೊರಗಿನ ಒಂದು ತಂಡಕ್ಕಾಗಿ ಹುಡುಗರನ್ನು ನೋಡಲು ಬಂದಿದ್ದ ಹಿರಿಯರೊಬ್ಬರು ನನ್ನ ಕಡೆ ಬಾಗಿ, "ಇವನಲ್ಲಿ ದಮ್ಮಿಲ್ಲ ಮಾಸ್ಟ್ರೆ" ಅಂದರು.

ಆ ಹುಡುಗನ ಆಟವನ್ನು ಹದಿನಾಲ್ಕನೇ ವಯಸ್ಸಿನಿಂದ ನೋಡಿದವನು ನಾನು. ದಮ್ಮು ಅವನಲ್ಲಿತ್ತು. ನಾಲ್ಕರಿಂದ ಐದೂವರೆಯ ಒಳಗೆ ಅದನ್ನು ನಾವೇ ಹಿಂಡಿ ತೆಗೆದಿದ್ದೆವು. ಮೇಜಿನಲ್ಲಿ ಕೂತಿದ್ದ ನಾನೂ ಆ ದಿನ ಬಾಯಿ ಬಿಡಲಿಲ್ಲ. ಅದು ನನ್ನನ್ನು ಇವತ್ತಿಗೂ ಬಾಧಿಸುತ್ತದೆ.

ಇಷ್ಟು ಕಾಲ ಇದು ಊರಿನ ಆಟವಾಗಿತ್ತು. ಗೆದ್ದರೆ ನಗದು, ಶಾಶ್ವತ ಫಲಕ, ಮರುದಿನ ಪೇಟೆಯಲ್ಲಿ ಮಾತು. ಸೋತರೆ ಮುಂದಿನ ವಾರ ಇನ್ನೊಂದು ಮೈದಾನ. ಈಗ ಹಾಗಿಲ್ಲ. 2014ರ ಜುಲೈ 26ರಂದು ಪ್ರೊ ಕಬಡ್ಡಿ ಲೀಗ್ ಶುರುವಾದಾಗ ಮೊದಲ ಹರಾಜಿನ ಅತಿ ದುಬಾರಿ ಆಟಗಾರ ರಾಕೇಶ್ ಕುಮಾರ್‌ಗೆ ಸಿಕ್ಕಿದ್ದು 12.80 ಲಕ್ಷ ರೂಪಾಯಿ. 2023ರ ಹರಾಜಿನಲ್ಲಿ ಪವನ್ ಸೆಹ್ರಾವತ್‌ಗೆ ತೆಲುಗು ಟೈಟನ್ಸ್ ಕೊಟ್ಟದ್ದು 2.60 ಕೋಟಿಗೂ ಹೆಚ್ಚು. ಆ ಹರಾಜಿನ ಕೊನೆಯ ದರ್ಜೆಯಲ್ಲಿ ಹೆಸರಿದ್ದವನಿಗೂ ಮೂಲಬೆಲೆ 9 ಲಕ್ಷ. ಬೋಟಿನಲ್ಲಿ ದುಡಿಯುವ ತಂದೆಯ ಮಗನಿಗೆ, ಬೀಡಿ ಕಟ್ಟಿ ಮನೆ ನಡೆಸುವ ತಾಯಿಯ ಮಗನಿಗೆ ಒಂಬತ್ತು ಲಕ್ಷ ಅಂದರೆ ಏನೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ. ಹರಾಜಿಗೆ ಹೊರತಾಗಿ ಹೊಸ ಯುವ ಆಟಗಾರರನ್ನು ನೇರವಾಗಿ ತೆಗೆದುಕೊಳ್ಳುವ ದಾರಿಯೂ ಫ್ರಾಂಚೈಸಿಗಳಿಗಿದೆ. ನವೀನ್ ಕುಮಾರ್ ಹಾಗೆ 2018ರಲ್ಲಿ ದಬಂಗ್ ಡೆಲ್ಲಿ ಸೇರಿದವನು; ಮರುವರ್ಷವೇ ಲೀಗಿನ ಅತ್ಯುತ್ತಮ ಆಟಗಾರನಾದ. ಹಾಗಾಗಿ ಹದಿನೇಳು ಹದಿನೆಂಟು ವರ್ಷದ ಹುಡುಗನ ಬಗ್ಗೆ ನಾವು ಹೇಳುವ "ಆಗ್ತಾನೆ", "ಆಗ್ಲಿಕ್ಕಿಲ್ಲ" ಎಂಬ ಮಾತಿಗೆ ಈಗ ಹಿಂದೆಂದೂ ಇಲ್ಲದ ಭಾರ ಬಂದಿದೆ. ಆದರೆ ಅಳೆಯುವ ಸಾಧನಗಳು ಮಾತ್ರ ಹಳೆಯವೇ: ಒಂದು ತೂಕದ ಯಂತ್ರ, ಒಂದು ರಾತ್ರಿ.

ತೂಕದ ವಿಷಯ ಮೊದಲು. 65 ಕೆ.ಜಿ. ವಿಭಾಗ ಯಾಕೆ ಬೇಕಾಯಿತು ಎಂಬುದು ನನಗೆ ಗೊತ್ತಿದೆ. ಮುಕ್ತ ವಿಭಾಗ ಇಟ್ಟರೆ ಹೊರಗಿನಿಂದ ಕರೆಸಿದ ಭಾರೀ ಆಳುಗಳ ಮುಂದೆ ಊರಿನ ಹುಡುಗರು ನಿಲ್ಲುವುದಿಲ್ಲ. ಸಣ್ಣ ಮೈಕಟ್ಟಿನ ಚುರುಕು ಹುಡುಗನಿಗೆ ಅಂಕಣ ಸಿಕ್ಕಿದ್ದೇ ಈ ವಿಭಾಗದಿಂದ. ಅದನ್ನು ತೆಗೆದುಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಹಿರಿಯ ಪುರುಷರ ಕಬಡ್ಡಿಯಲ್ಲಿ ತೂಕದ ಮಿತಿ 85 ಕೆ.ಜಿ. ನಮ್ಮ ಹುಡುಗ ಬೆಳೆಯಬೇಕಾದದ್ದು ಆ ಕಡೆಗೆ. ಹದಿನೇಳರ ವಯಸ್ಸಿನಲ್ಲಿ ಎಲುಬು ಬಲಿಯುತ್ತಿರುತ್ತದೆ, ಭುಜ ಅಗಲವಾಗುತ್ತಿರುತ್ತದೆ, ಹಸಿವು ಜಾಸ್ತಿ. ಆಗಲೇ ನಾವು ಅವನಿಗೆ "ಅನ್ನ ಕಮ್ಮಿ ಮಾಡು, ಸೀಸನ್ ಮುಗಿಯಲಿ" ಅನ್ನುತ್ತೇವೆ. ನವೆಂಬರಿನಿಂದ ಮೇ ತನಕ ವಾರಕ್ಕೊಂದು ಪಂದ್ಯಾಟ. ಅಂದರೆ ಬೆಳೆಯುವ ವಯಸ್ಸಿನ ಏಳು ತಿಂಗಳು ಅವನನ್ನು ಅರೆಹೊಟ್ಟೆಯಲ್ಲಿಟ್ಟು, ಆಮೇಲೆ ದೊಡ್ಡ ತಂಡದವರು "ಮೈ ಸಾಲದು" ಅಂದಾಗ ನಾವೇ ಬೇಜಾರು ಮಾಡಿಕೊಳ್ಳುತ್ತೇವೆ.

ಬೆವರಿಳಿಸಿ ತೂಕ ಇಳಿಸುವುದು ಜೀವಕ್ಕೂ ಅಪಾಯ. 1997ರ ನವೆಂಬರ್ ಮತ್ತು ಡಿಸೆಂಬರ್ ನಡುವೆ ಅಮೆರಿಕದಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಹೀಗೆ ತೂಕ ಇಳಿಸುವಾಗ ಸತ್ತರು. ಆಮೇಲೆ ಅಲ್ಲಿನ ಕಾಲೇಜು ಕ್ರೀಡಾ ಸಂಸ್ಥೆ ನಿಯಮ ಬದಲಾಯಿಸಿತು: ರಬ್ಬರ್ ಸೂಟ್, ಉಗಿಕೋಣೆ ನಿಷೇಧ, ಸೀಸನ್ನಿನ ಆರಂಭದಲ್ಲೇ ಮೈಯಲ್ಲಿ ನೀರು ಸರಿಯಾಗಿದೆಯೇ ಎಂದು ಪರೀಕ್ಷಿಸಿ ಒಬ್ಬೊಬ್ಬನ ಕನಿಷ್ಠ ತೂಕ ನಿಗದಿ. ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 2024ರ ಆಗಸ್ಟ್ 7ರ ಬೆಳಿಗ್ಗೆ ಕುಸ್ತಿಪಟು ವಿನೇಶ್ ಫೋಗಟ್ ನೂರು ಗ್ರಾಮಿಗೆ ಪದಕ ಕಳೆದುಕೊಂಡಾಗ ನಮ್ಮೂರಲ್ಲೂ ಅಂಗಡಿ ಅಂಗಡಿಯಲ್ಲಿ ಆ ಮಾತೇ ಇತ್ತು. ರಾತ್ರಿಯೆಲ್ಲ ಆಕೆಯನ್ನು ಓಡಿಸಿದ್ದು, ಕೂದಲು ಕತ್ತರಿಸಿದ್ದು ಕೇಳಿ ಕಣ್ಣೀರಿಟ್ಟೆವು. ವೈದ್ಯರು, ಆಹಾರತಜ್ಞರು ಸುತ್ತ ಇದ್ದ ಒಲಿಂಪಿಯನ್ ಆಕೆ. ನಮ್ಮ ಹುಡುಗನ ಸುತ್ತ ಇರುವುದು ಒಂದು ರೈನ್‌ಕೋಟ್ ಮತ್ತು ನಾವು.

ಇನ್ನು ಒಂದು ರಾತ್ರಿಯ ಮಾತು. ಪಂದ್ಯಾಟದ ಕೊನೆಗೆ ನಾವು ಮೂರು ವೈಯಕ್ತಿಕ ಬಹುಮಾನ ಕೊಡುತ್ತೇವೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ. ಹೆಸರು ತೀರ್ಮಾನವಾಗುವುದು ಬಹುಪಾಲು ಫೈನಲ್ ಮುಗಿದ ಐದು ನಿಮಿಷದಲ್ಲಿ, ಬೆಳಗಿನ ಜಾವ, ನಿದ್ದೆಗಣ್ಣಲ್ಲಿ. ಫೈನಲಿಗೆ ಬಂದ ತಂಡದವನಿಗೇ ಕೊಡಬೇಕು ಎಂಬ ಅಲಿಖಿತ ಕಟ್ಟಳೆ ಬೇರೆ. ಆ ಟ್ರೋಫಿ ಹಿಡಿದ ಫೋಟೋ ಮೊಬೈಲಿನಿಂದ ಮೊಬೈಲಿಗೆ ಹೋಗುತ್ತದೆ, ಹುಡುಗನ ಹೆಸರಿಗೆ ಅದೇ ಪ್ರಮಾಣಪತ್ರವಾಗುತ್ತದೆ. ಲೀಗ್ ಹಂತದಲ್ಲಿ ಸೋತುಹೋದ ತಂಡದ ಹುಡುಗ ಎಷ್ಟು ಚೆನ್ನಾಗಿ ಆಡಿದ್ದನೆಂದು ಬೆಳಿಗ್ಗೆ ಯಾರ ನೆನಪಿನಲ್ಲೂ ಉಳಿದಿರುವುದಿಲ್ಲ.

ಒಂದು ವರ್ಷದಿಂದ ಇನ್ನೊಂದು ವರ್ಷಕ್ಕೆ ಆಟಗಾರ ಎಷ್ಟು ಬದಲಾಗುತ್ತಾನೆ ಎಂಬುದಕ್ಕೆ ಪವನ್ ಸೆಹ್ರಾವತ್‌ನನ್ನೇ ನೋಡಿ. 2017ರಲ್ಲಿ ಗುಜರಾತ್ ತಂಡದಲ್ಲಿದ್ದಾಗ ಅವನಿಗೆ ಆಡಲು ಸಿಕ್ಕಿದ್ದೇ ಅಪರೂಪ. ಆಗ ಅವನನ್ನು ನೋಡಿ ಬೆಲೆ ಕಟ್ಟಿದ್ದರೆ ಏನು ಕಟ್ಟುತ್ತಿದ್ದೆವು? ಮರುವರ್ಷ ಬೆಂಗಳೂರು ಬುಲ್ಸ್‌ಗೆ ಬಂದು 271 ರೈಡ್ ಅಂಕ ಗಳಿಸಿದ. 2019ರ ಜನವರಿ 5ರ ಫೈನಲಿನಲ್ಲಿ ಅವನೊಬ್ಬನೇ 22 ಅಂಕ ತಂದು ಕಪ್ ಗೆಲ್ಲಿಸಿದ, ಅದೂ ಗುಜರಾತ್ ತಂಡದ ಎದುರೇ. ಇದರ ತಿರುಗುಮುರುಗೂ ಇದೆ. 2017ರಲ್ಲಿ 369 ರೈಡ್ ಅಂಕ ಗಳಿಸಿ ದಾಖಲೆ ಬರೆದ ಪರ್ದೀಪ್ ನರ್ವಾಲ್‌ನನ್ನು 2025ರ ಹರಾಜಿನಲ್ಲಿ ಯಾರೂ ಕೊಳ್ಳಲಿಲ್ಲ.

ಹಾಗಾದರೆ ನೋಡಬೇಕಾದದ್ದು ಏನು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇದು ನಾನು ಬಲ್ಲ ಕೆಲಸ.

ರೈಡರ್ ಎಷ್ಟು ಅಂಕ ತಂದ ಎಂಬುದು ಶೀಟಿನಲ್ಲಿ ಸಿಗುತ್ತದೆ. ಎಷ್ಟು ರೈಡ್ ಹೋಗಿ ತಂದ ಎಂಬುದನ್ನು ಯಾರೂ ಹೇಳುವುದಿಲ್ಲ. ಇಪ್ಪತ್ತು ರೈಡಿಗೆ ಎಂಟು ಅಂಕ ತಂದು ಏಳು ಸಲ ಸಿಕ್ಕಿಬಿದ್ದವನಿಗಿಂತ, ಹತ್ತು ರೈಡಿಗೆ ಐದು ಅಂಕ ತಂದು ಒಮ್ಮೆ ಮಾತ್ರ ಸಿಕ್ಕಿಬಿದ್ದವನು ತಂಡಕ್ಕೆ ಹೆಚ್ಚು ಬೇಕಾದವನು. ಎರಡು ಖಾಲಿ ರೈಡ್ ಆದ ಮೇಲೆ ಬರುವ ಮೂರನೆಯ ರೈಡ್, ಮಾಡು ಇಲ್ಲವೇ ಮಡಿ, ಅದರಲ್ಲಿ ಅವನ ಕಾಲು ಎಲ್ಲಿರುತ್ತದೆ ನೋಡಿ. ಎದುರಿಗೆ ಆರೋ ಏಳೋ ಮಂದಿ ಇದ್ದಾಗ ಬೋನಸ್ ಗೆರೆ ದಾಟುವುದು ಬಹಳ ಮಂದಿಗೆ ಬರುತ್ತದೆ. ಮೂವರೇ ಉಳಿದು ಸೂಪರ್ ಟ್ಯಾಕಲ್‌ಗೆ ಬಾಯಿ ತೆರೆದು ನಿಂತಾಗ ಸುಮ್ಮನೆ ಮೂವತ್ತು ಸೆಕೆಂಡ್ ಕಳೆದು ಬರುವ ಬುದ್ಧಿ ಕೆಲವರಿಗೆ ಮಾತ್ರ. ಜನ ಅದಕ್ಕೆ ಚಪ್ಪಾಳೆ ಹೊಡೆಯುವುದಿಲ್ಲ, ಬೊಬ್ಬೆ ಹಾಕುತ್ತಾರೆ. ಬೊಬ್ಬೆ ಕೇಳಿಯೂ ಕಾಲು ತಡೆದು ನಿಲ್ಲಿಸುವವನ ಹೆಸರು ನನ್ನ ಪುಸ್ತಕದಲ್ಲಿ ಮೊದಲು ಬರುತ್ತದೆ.

ಕ್ಯಾಚರ್‌ಗಳಿಗೆ ಇನ್ನೂ ಹೆಚ್ಚು ಅನ್ಯಾಯವಾಗುತ್ತಿದೆ. ಆ್ಯಂಕಲ್ ಹಿಡಿದ ಕಾರ್ನರ್‌ನ ಹೆಸರು ಮೈಕಿನಲ್ಲಿ ಮೂರು ಸಲ ಬರುತ್ತದೆ. ಅದೇ ಕ್ಷಣದಲ್ಲಿ ಪಕ್ಕದಿಂದ ಬಂದು ಸೊಂಟಕ್ಕೆ ಬಿದ್ದು ರೈಡರ್ ಗೆರೆ ಮುಟ್ಟದಂತೆ ತಡೆದ ಕವರ್ ಹುಡುಗನಿಗೆ ಅಂಕವೂ ಇಲ್ಲ, ಹೆಸರೂ ಇಲ್ಲ. ನಾನು ಒಂದು ಸೀಸನ್ ಪೂರ್ತಿ ಶೀಟಿನ ಹಿಂಬದಿಯಲ್ಲಿ ಬೇರೆ ಲೆಕ್ಕ ಇಟ್ಟೆ: ಯಾರು ಮೊದಲು ಕೈ ಹಾಕಿದ, ಯಾರು ಬೆಂಬಲಕ್ಕೆ ಬಂದ, ಯಾರು ಅವಸರದಲ್ಲಿ ಮುಂದೆ ಹಾರಿ ಅಂಕ ಕಳೆದ. ಬೆಂಬಲಕ್ಕೆ ಅತಿ ಹೆಚ್ಚು ಸಲ ಬಂದಿದ್ದ ಹುಡುಗನಿಗೆ ಆ ಸೀಸನ್ನಿನಲ್ಲಿ ಒಂದೇ ಒಂದು ವೈಯಕ್ತಿಕ ಬಹುಮಾನ ಸಿಕ್ಕಿರಲಿಲ್ಲ. ಅವನು ಈಗ ಕಬಡ್ಡಿ ಬಿಟ್ಟು ಮುಂಬೈಯ ಹೋಟೆಲೊಂದರಲ್ಲಿದ್ದಾನೆ. ದೊಡ್ಡ ತಂಡಗಳು ಹಿಡಿತಗಾರನ ಬೆಲೆ ತಿಳಿದಿವೆ, 2023ರಲ್ಲಿ 2.35 ಕೋಟಿ ಪಡೆದ ಇರಾನಿನ ಶಾದ್ಲೂಯಿ ಎಡ ಕಾರ್ನರ್‌ನಲ್ಲಿ ನಿಲ್ಲುವವನು. ತಿಳಿಯಬೇಕಾದವರು ನಾವು.

ಶೀಟಿನಲ್ಲಿ ಬಾರದ್ದು ಇನ್ನೂ ಇದೆ. ಔಟಾಗಿ ಹೊರಗೆ ಕೂತಾಗ ಹುಡುಗ ಏನು ಮಾಡುತ್ತಾನೆ? ಅಂಪೈರ್ ತಪ್ಪು ತೀರ್ಪು ಕೊಟ್ಟಾಗ? ತಾನು ಬಿಟ್ಟ ಹಿಡಿತಕ್ಕೆ ಪಕ್ಕದವನನ್ನು ಬೈಯುತ್ತಾನೋ? ಎರಡನೇ ದಿನದ ಅಭ್ಯಾಸಕ್ಕೆ ಬರುತ್ತಾನೋ? ಇದನ್ನೆಲ್ಲ ಹೊರಗಿನಿಂದ ಒಂದು ರಾತ್ರಿಗೆ ಬಂದವರು ಕಾಣಲಾರರು. ನೀವು ಮಾತ್ರ ಕಾಣಬಲ್ಲಿರಿ, ಯಾಕೆಂದರೆ ಅವನು ನಿಮ್ಮ ಕೇರಿಯ ಹುಡುಗ.

ವಯಸ್ಸಿನ ವಿಷಯದಲ್ಲಿ ಒಂದು ಎಚ್ಚರಿಕೆ. ಕೆನಡಾದಲ್ಲಿ ಐಸ್ ಹಾಕಿ ನಮ್ಮ ಕಬಡ್ಡಿಯ ಹಾಗೆ ಊರೂರಿನ ಆಟ. ಅಲ್ಲಿ ಹದಿನೆಂಟರ ಹುಡುಗರನ್ನು ವೃತ್ತಿಪರ ತಂಡಗಳು ಸರದಿಯ ಮೇಲೆ ಆರಿಸಿಕೊಳ್ಳುತ್ತವೆ. 1980ರ ದಶಕದಲ್ಲಿ ರೋಜರ್ ಬಾರ್ನ್‌ಸ್ಲಿ ಎಂಬ ಮನಶ್ಶಾಸ್ತ್ರಜ್ಞರು ಅಲ್ಲಿನ ಹಾಕಿ ಆಟಗಾರರ ಹುಟ್ಟಿದ ತಿಂಗಳು ನೋಡಿದರು. ಜನವರಿ, ಫೆಬ್ರವರಿ, ಮಾರ್ಚಿನಲ್ಲಿ ಹುಟ್ಟಿದವರೇ ವಿಪರೀತ ಹೆಚ್ಚು. ವಯೋಮಿತಿಯ ಲೆಕ್ಕ ಜನವರಿ 1ಕ್ಕೆ ಶುರುವಾಗುವುದರಿಂದ, ವರ್ಷದ ಆರಂಭದಲ್ಲಿ ಹುಟ್ಟಿದ ಹುಡುಗ ಡಿಸೆಂಬರಿನವನಿಗಿಂತ ಸುಮಾರು ವರ್ಷ ದೊಡ್ಡವನು, ಅಷ್ಟೇ ಬಲಿತವನು. ಆ ಬಲವನ್ನು ಎಲ್ಲರೂ ಪ್ರತಿಭೆ ಎಂದು ತಿಳಿದರು. ಅವನಿಗೇ ಒಳ್ಳೆಯ ತರಬೇತಿ, ಅವನಿಗೇ ಆಡುವ ಅವಕಾಶ. ಅದೇ ಆಟದಲ್ಲಿ 1998ರಲ್ಲಿ 171ನೆಯವನಾಗಿ ಆಯ್ಕೆಯಾದ ಪಾವೆಲ್ ಡಾಟ್ಸ್ಯುಕ್ ಎಂಬ ಸಣ್ಣ ಮೈಯ ರಷ್ಯನ್ ಹುಡುಗ ತನ್ನ ಕಾಲದ ಅತ್ಯುತ್ತಮರಲ್ಲಿ ಒಬ್ಬನಾದ. ನಮ್ಮ ಶಾಲಾ ಪಂದ್ಯಾಟಗಳಲ್ಲೂ ಇದನ್ನೇ ನೋಡಿದ್ದೇನೆ. ಒಂಬತ್ತನೇ ತರಗತಿಯಲ್ಲಿ ಮೀಸೆ ಬಂದವನು ಮಿಂಚುತ್ತಾನೆ, ಹದಿನೇಳಕ್ಕೆ ಬೆಳೆಯಲಾರಂಭಿಸಿದವನನ್ನು ಅಷ್ಟರಲ್ಲಿ ನಾವು ಮರೆತಿರುತ್ತೇವೆ.

ನಮ್ಮ ನೆಲದಲ್ಲಿ ಆಟ ಇಲ್ಲ ಎಂದು ಯಾರೂ ಹೇಳಲಾರರು. ಕಾರ್ಕಳ ಕಡೆಯ ಸುಕೇಶ್ ಹೆಗ್ಡೆ ಮೊದಲ ಸೀಸನ್ನಿನಲ್ಲೇ ತೆಲುಗು ಟೈಟನ್ಸ್‌ಗೆ ಆಡಿದರು, 2017ರಲ್ಲಿ ಗುಜರಾತ್ ತಂಡದ ನಾಯಕರಾದರು. ಪುತ್ತೂರು ಕಡೆಯ ಪ್ರಶಾಂತ್ ಕುಮಾರ್ ರೈ ಅವರನ್ನು 2018ರಲ್ಲಿ ಯು.ಪಿ. ಯೋಧಾ 79 ಲಕ್ಷಕ್ಕೆ ಕೊಂಡಿತು. ಅದೇ ತಂಡ ಅದೇ ಹರಾಜಿನಲ್ಲಿ 1.11 ಕೋಟಿ ಕೊಟ್ಟು ಉಳಿಸಿಕೊಂಡ ರಿಶಾಂಕ್ ದೇವಾಡಿಗ, ಒಂದೇ ಪಂದ್ಯದಲ್ಲಿ 28 ರೈಡ್ ಅಂಕ ಗಳಿಸಿದವರು, ಗಂಗೊಳ್ಳಿ ಮೂಲದವರು. ಆದರೆ ರಿಶಾಂಕ್ ಹುಟ್ಟಿ ಬೆಳೆದದ್ದು, ಕಬಡ್ಡಿ ಕಲಿತದ್ದು ಮುಂಬೈಯಲ್ಲಿ. ಅವರು ಗಂಗೊಳ್ಳಿಯಲ್ಲೇ ಬೆಳೆದಿದ್ದರೆ ನಾವು ಗುರುತಿಸುತ್ತಿದ್ದೆವೇ, ಅಥವಾ ತೂಕದ ಯಂತ್ರದ ಮೇಲೆ ನಿಲ್ಲಿಸಿ ವಾಪಸು ಕಳಿಸುತ್ತಿದ್ದೆವೇ ಎಂದು ನಾನು ಹಲವು ಸಲ ಯೋಚಿಸಿದ್ದೇನೆ. ಕನ್ನಡಿಗರೇ ಆದ ಬಿ.ಸಿ. ರಮೇಶ್ ತರಬೇತಿಯಲ್ಲಿ ಪುಣೇರಿ ಪಲ್ಟನ್ 2024ರ ಮಾರ್ಚ್ 1ರಂದು ಕಪ್ ಎತ್ತಿತು. ಆ ತಂಡದ ಬೆನ್ನೆಲುಬಾಗಿದ್ದ ಅಸ್ಲಂ ಇನಾಮ್‌ದಾರ್, ಮೋಹಿತ್ ಗೋಯತ್ ತಂಡದೊಳಗೇ ವರ್ಷಗಟ್ಟಲೆ ತಾಳ್ಮೆಯಿಂದ ಬೆಳೆಸಿದ ಹುಡುಗರು.

ಹುಡುಗಿಯರ ಮಾತು ಬಂದರೆ ನನಗೆ ನೋವಾಗುತ್ತದೆ. ಅಜೆಕಾರು ಬಳಿಯ ಹೆರ್ಮುಂಡೆಯ ಮಮತಾ ಪೂಜಾರಿ 2010 ಮತ್ತು 2014ರ ಏಷ್ಯನ್ ಗೇಮ್ಸ್ ಚಿನ್ನ ತಂದರು, 2012ರಲ್ಲಿ ಪಾಟ್ನಾದಲ್ಲಿ ವಿಶ್ವಕಪ್ ಗೆದ್ದ ತಂಡವನ್ನು ಮುನ್ನಡೆಸಿದರು, 2014ರಲ್ಲಿ ಅರ್ಜುನ ಪ್ರಶಸ್ತಿ ಪಡೆದರು. ಇಷ್ಟು ದೊಡ್ಡ ಹೆಸರು ನಮ್ಮ ತಾಲೂಕಿನದು. 2016ರಲ್ಲಿ ಪ್ರೊ ಕಬಡ್ಡಿಯ ಜೊತೆಗೆ ಮೂರು ತಂಡಗಳ ಮಹಿಳಾ ಚಾಲೆಂಜ್ ನಡೆಯಿತು, ಫೈರ್ ಬರ್ಡ್ಸ್ ತಂಡಕ್ಕೆ ಮಮತಾ ನಾಯಕಿ, ಫೈನಲಿನಲ್ಲಿ ಒಂದೇ ಅಂಕದಿಂದ ಸೋಲು. ಪ್ರೊ ಕಬಡ್ಡಿಯ ಅಂಗಳದಲ್ಲಿ ಅದು ಮತ್ತೆ ನಡೆಯಲಿಲ್ಲ. ನಮ್ಮ ಹುಡುಗಿಯರನ್ನು ಕರೆಯುವ ಹರಾಜು ಇಲ್ಲದಿರಬಹುದು, ಆದರೆ ರೈಲ್ವೆ ಇದೆ, ಪೊಲೀಸ್ ಇದೆ, ಕಾಲೇಜುಗಳ ಕ್ರೀಡಾ ಸೀಟು ಇದೆ. ಮಮತಾ ಅವರ ಬದುಕಿಗೂ ನೆಲೆ ಕೊಟ್ಟದ್ದು ರೈಲ್ವೆ. ನಿಮ್ಮ ಪಂದ್ಯಾಟದ ಸಂಜೆಯ ಮೊದಲ ಎರಡು ಗಂಟೆ ಹುಡುಗಿಯರಿಗೆ ಕೊಡಿ, ಪ್ರದರ್ಶನ ಪಂದ್ಯ ಎಂದು ಅಲ್ಲ, ಅಂಕಪಟ್ಟಿ ಇಟ್ಟು ಬಹುಮಾನ ಕೊಡುವ ಪಂದ್ಯ ಎಂದು.

ಈಗ ನನ್ನ ಕೋರಿಕೆಗಳು. ಹದಿನೆಂಟರೊಳಗಿನವರನ್ನು ಪಂದ್ಯದ ದಿನ ತೂಗುವುದು ಬೇಡ. ಅಕ್ಟೋಬರಿನಲ್ಲಿ ಎಲ್ಲ ಕ್ಲಬ್ಬುಗಳೂ ಸೇರಿ ಒಂದು ಬೆಳಿಗ್ಗೆ, ತಿಂಡಿ ತಿಂದು ನೀರು ಕುಡಿದ ಮೇಲೆ, ಒಬ್ಬೊಬ್ಬನ ತೂಕ ಎತ್ತರ ಬರೆದು ಕಾರ್ಡ್ ಕೊಡಿ. ಆ ಸೀಸನ್ ಪೂರ್ತಿ ಅದೇ ಕಾರ್ಡ್ ನಡೆಯಲಿ. ಬೆಳೆಯುವ ಹುಡುಗ ಏಪ್ರಿಲಿನಲ್ಲಿ ಎರಡು ಮೂರು ಕಿಲೋ ಹೆಚ್ಚಾದರೆ ಅದನ್ನು ಸಂತೋಷದಿಂದ ಒಪ್ಪಿಕೊಳ್ಳಿ. ಕಾರ್ಡಿಗೆ ಜನ್ಮ ದಿನಾಂಕದ ದಾಖಲೆ ಶಾಲೆಯಿಂದಲೇ ಬರಲಿ.

ಪ್ರತಿ ಕ್ಲಬ್ಬಿನಲ್ಲೂ ಒಂದು ದಪ್ಪ ನೋಟುಪುಸ್ತಕ ಇಡಿ. ರೈಡ್ ಎಷ್ಟು, ಖಾಲಿ ಎಷ್ಟು, ಸಿಕ್ಕಿಬಿದ್ದದ್ದು ಎಷ್ಟು, ಹಿಡಿತಕ್ಕೆ ಕೈ ಹಾಕಿದ್ದು ಎಷ್ಟು, ಬೆಂಬಲಕ್ಕೆ ಹೋದದ್ದು ಎಷ್ಟು. ಮೂರು ವರ್ಷದ ಆ ಪುಸ್ತಕ ತೋರಿಸಿದರೆ ಯಾವ ಫ್ರಾಂಚೈಸಿಯ ಕೋಚ್ ಆದರೂ ಹತ್ತು ನಿಮಿಷ ಕೂತು ಓದುತ್ತಾನೆ. ಪ್ರೊ ಕಬಡ್ಡಿ ಹರಾಜಿನ ಪಟ್ಟಿಗೆ 2022, 2023ರಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾನಿಲಯ ಕ್ರೀಡಾಕೂಟದ ಮೊದಲ ಎರಡು ತಂಡಗಳ ಆಟಗಾರರನ್ನೂ ಸೇರಿಸಿದ್ದರು. ಹಾಗಾಗಿ ಹುಡುಗ ಪಿಯುಸಿ ಬಿಟ್ಟು ಪಂದ್ಯಾಟದ ಹಿಂದೆ ತಿರುಗುತ್ತಿದ್ದರೆ ಕಿವಿ ಹಿಂಡಿ ಕಾಲೇಜಿಗೆ ಕಳಿಸಿ. ಆಟದ ದಾರಿಯೂ ಅಲ್ಲೇ ಇದೆ.

ಜೂನ್ 1ರಿಂದ ಜುಲೈ 31ರ ತನಕ ಮೀನುಗಾರಿಕೆ ನಿಷೇಧ, ಕಡಲಿಗೆ ಯಾಂತ್ರೀಕೃತ ಬೋಟು ಇಳಿಯುವುದಿಲ್ಲ. ಮಲ್ಪೆ, ಕಾಪು, ಪಡುಬಿದ್ರಿಯ ಹುಡುಗರು ಆ 61 ದಿನ ಊರಲ್ಲೇ ಇರುತ್ತಾರೆ, ಮಳೆಯಿಂದ ಪಂದ್ಯಾಟವೂ ಇರುವುದಿಲ್ಲ. ವರ್ಷದಲ್ಲಿ ಅವರಿಗೆ ಹೊಟ್ಟೆ ತುಂಬ ಉಣ್ಣಿಸಿ, ಮೈ ಕಟ್ಟಿ, ಹಿಡಿತ ಕಲಿಸಲು ಸಿಗುವ ಕಾಲ ಅದೊಂದೇ. ನಿಮ್ಮಲ್ಲಿ ಹಲವರ ಬಳಿ ಸ್ವಂತ ಮ್ಯಾಟ್ ಇದೆ. ಮೇ ಮುಗಿದೊಡನೆ ಅದನ್ನು ಸುತ್ತಿ ಅಟ್ಟಕ್ಕೆ ಹಾಕಬೇಡಿ, ಯಾವುದಾದರೂ ಶಾಲೆಯ ಅಥವಾ ಸಭಾಭವನದ ಒಳಗೆ ಹಾಸಿ. ಮೊಣಕಾಲು ಹೊರಳಿದ ಹುಡುಗನಿಗೆ ಎಣ್ಣೆ ತಿಕ್ಕಿ ಮರುವಾರ ಇಳಿಸುವ ಬದಲು ಮಣಿಪಾಲಕ್ಕೆ ಕರೆದುಕೊಂಡು ಹೋಗಿ. ಮೂಳೆಯ ವೈದ್ಯರು, ಫಿಸಿಯೊಥೆರಪಿಯವರು ಬಸ್ಸಿನಲ್ಲಿ ಹೋಗಿ ಬರುವ ದೂರದಲ್ಲೇ ಇದ್ದಾರೆ. ಹರಿದ ಸ್ನಾಯುರಜ್ಜುವಿನ ಮೇಲೆ ಇನ್ನೊಂದು ಸೀಸನ್ ಆಡಿಸಿ ಮುಗಿದುಹೋದ ಮೂವರನ್ನು ನಾನು ಬಲ್ಲೆ. ಜಿಮ್ಮಿನಲ್ಲಿ ಯಾರೋ ಕೊಡುವ ಡಬ್ಬಿಯ ಪುಡಿ, ಇಂಜೆಕ್ಷನ್ ಹತ್ತಿರ ಸುಳಿಯಲು ಬಿಡಬೇಡಿ. ಉದ್ದೀಪನ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರೆ ಹುಡುಗನ ಹೆಸರೇ ಹೋಗುತ್ತದೆ.

ಸ್ಕೋರ್ ಶೀಟಿನ ಆ ಬೇರೆ ಲೆಕ್ಕ ಬರೆಯಲು ಕಲಿಸಬೇಕಿದ್ದರೆ ನನ್ನನ್ನು ಕರೆಯಿರಿ. ಉಡುಪಿಯ ಅಜ್ಜರಕಾಡಿರಲಿ, ಬೆಳ್ಮಣ್ಣಿರಲಿ, ಶಿರ್ವವಿರಲಿ, ನನ್ನ ಖರ್ಚಿನಲ್ಲೇ ಬರುತ್ತೇನೆ. ಕ್ಲಬ್ಬಿಗೆ ಇಬ್ಬರು ಓದಿದ ಹುಡುಗಿಯರೋ ಹುಡುಗರೋ ಸಿಕ್ಕಿದರೆ ಸಾಕು, ಎರಡು ಸಂಜೆಯಲ್ಲಿ ಕಲಿಯುತ್ತಾರೆ.

ದೀಪಾವಳಿ ಕಳೆದು ನಿಮ್ಮ ಮೊದಲ ಪಂದ್ಯಾಟದ ಕರೆಯೋಲೆ ಅಚ್ಚಿಗೆ ಹೋಗುತ್ತದೆ. "ಹೊನಲು ಬೆಳಕಿನ 65 ಕೆ.ಜಿ. ವಿಭಾಗದ ಕಬಡ್ಡಿ ಪಂದ್ಯಾಟ" ಎಂಬ ಸಾಲಿನ ಕೆಳಗೆ ಈ ಸಲ ಇನ್ನೊಂದು ಸಾಲು ಸೇರಿಸಿ: ಹದಿನೆಂಟರೊಳಗಿನವರಿಗೆ ಅಂದು ತೂಕವಿಲ್ಲ, ಊಟ ಮಾಡಿ ಬನ್ನಿ.